ಯುದ್ಧದ ನಕ್ಷೆಯಲ್ಲಿ ಬೂದು ಬಣ್ಣ ಯಾಕೆ?

2024ರ ಆಗಸ್ಟ್ 6ರಂದು ಉಕ್ರೇನ್ ಸೇನೆ ಗಡಿ ದಾಟಿ ರಷ್ಯಾದ ಕುರ್ಸ್ಕ್ ಪ್ರಾಂತ್ಯಕ್ಕೆ ನುಗ್ಗಿತು. ವಾರ ಕಳೆಯೋದರೊಳಗೆ ಸುಮಾರು 1,000 ಚದರ ಕಿ.ಮೀ. ತಮ್ಮ ಹಿಡಿತದಲ್ಲಿದೆ ಅಂತ ಅದರ ಸೇನಾಪತಿ ಸಿರ್‌ಸ್ಕಿ ಹೇಳಿದರು. ಆದರೆ ಆಗ ನಾವು ನೋಡುತ್ತಿದ್ದ ನಕ್ಷೆಗಳಲ್ಲಿ ಒಂದೊಂದರಲ್ಲಿ ಒಂದೊಂದು ಗೆರೆ. ಯಾರೋ ಸುಳ್ಳು ಹೇಳ್ತಿದ್ದಾರೆ ಅಂತ ಅನಿಸೋದು ಸಹಜ. ಅಷ್ಟೇ ಆಗಿರಬೇಕಿಲ್ಲ.

ನಾಲ್ಕು ಕವಚ ವಾಹನಗಳು ಒಂದು ಹಳ್ಳಿ ದಾಟಿ ಹೋದವು ಅಂದ್ಕೊಳ್ಳಿ. ಸೇನೆ ಅಲ್ಲಿವರೆಗೆ ತಲುಪಿದೆ, ನಿಜ. ಹಳ್ಳಿ ಅವರ ವಶವಾಯ್ತಾ? ಅಲ್ಲೇ ರಾತ್ರಿ ಉಳಿದು, ಹಿಂದಿನಿಂದ ಊಟ, ಮದ್ದುಗುಂಡು ತರಿಸಿಕೊಳ್ಳೋಕೆ ಆದರೆ ಮಾತ್ರ ಹಿಡಿತ. ಅಮೆರಿಕದ 'ಇನ್‌ಸ್ಟಿಟ್ಯೂಟ್ ಫಾರ್ ದ ಸ್ಟಡಿ ಆಫ್ ವಾರ್' ಮುನ್ನಡೆದ ಮಿತಿಯನ್ನೂ ಹಿಡಿತವನ್ನೂ ಬೇರೆಬೇರೆಯಾಗಿಯೇ ನೋಡಿತು.

ಗೆರೆ ಹುಟ್ಟೋದು ಹೀಗೆ: ಟೆಲಿಗ್ರಾಂನಲ್ಲಿ ಸೈನಿಕರ ವಿಡಿಯೊ ಬರುತ್ತೆ. ಅದರಲ್ಲಿನ ಚರ್ಚಿನ ಗುಮ್ಮಟ, ನೀರಿನ ಟ್ಯಾಂಕು, ರಸ್ತೆಯ ತಿರುವನ್ನು ಉಪಗ್ರಹ ಚಿತ್ರದ ಜೊತೆ ತಾಳೆ ನೋಡಿದರೆ ಜಾಗ ಸಿಗುತ್ತೆ. ಕಷ್ಟ ಇರೋದು ಸಮಯದಲ್ಲಿ; ಇವತ್ತು ಬಂದ ವಿಡಿಯೊ ಮೂರು ದಿನ ಹಳೆಯದಿರಬಹುದು. ಪುಕ್ಕಟೆ ಸಿಗುವ ಸೆಂಟಿನೆಲ್-2 ಚಿತ್ರದ ಅತಿ ಸೂಕ್ಷ್ಮ ಪಿಕ್ಸೆಲ್ಲೇ 10 ಮೀಟರ್, ಟ್ಯಾಂಕನ್ನು ಗುರುತಿಸೋಕೆ ಸಾಲದು. ನಾಸಾದ ಬೆಂಕಿ ನಕ್ಷೆ 375 ಮೀಟರ್ ಚೌಕದಲ್ಲಿ ಶಾಖ ತೋರಿಸುತ್ತೆ, ಆದರೆ ಶೆಲ್ ಬಿದ್ದಿದ್ದಕ್ಕೂ ರೈತ ಕೂಳೆ ಸುಟ್ಟಿದ್ದಕ್ಕೂ ಅದಕ್ಕೆ ವ್ಯತ್ಯಾಸ ಗೊತ್ತಾಗಲ್ಲ. ಕೊನೆಗೆ ಸಿಗೋದು ಬರೀ ಚುಕ್ಕಿಗಳು. ನಡುವಿನ ಗೆರೆ ನಮ್ಮ ಸರ್ವೇ ಕ್ಲಾಸಿನ ಇಂಟರ್‌ಪೊಲೇಶನ್ ಥರ, ಅಂದಾಜು. ಚದರ ಕಿಲೋಮೀಟರ್ ಲೆಕ್ಕವೂ ಆ ಅಂದಾಜಿನ ಮೇಲೇ ನಿಂತಿದೆ.

ಅದಕ್ಕೇ ಉಕ್ರೇನಿನ 'ಡೀಪ್‌ಸ್ಟೇಟ್' ನಕ್ಷೆಯ ಬೂದು ಪಟ್ಟಿ ನಮಗೆ ಇಷ್ಟ. ಯಾರದ್ದು ಅಂತ ಖಚಿತವಾಗದ ಜಾಗಕ್ಕೆ ಆ ಬಣ್ಣ. ಎರಡೂ ಕಡೆಯ ಡ್ರೋನ್‌ಗಳು ಹಾರಾಡೋ ಕಡೆ ಯಾರೂ ತಲೆ ಎತ್ತೋಕಾಗಲ್ಲ, ಹಾಗಾಗಿ ಪಟ್ಟಿ ಅಗಲವಾಗ್ತಾ ಹೋಯ್ತು. ಆ ಬೂದಿನೊಳಗೂ ಮನೆಗಳಿವೆ. ಹೊರಡೋಕಾಗದೆ ಉಳಿದ ಮುದುಕರಿದ್ದರು, ಅವರನ್ನು ಹುಡುಕುತ್ತಿದ್ದ ಬಂಧುಗಳಿದ್ದರು. ಗೆರೆಯನ್ನು ಒಂದು ಹಳ್ಳಿಯಷ್ಟು ತಪ್ಪಾಗಿ ಎಳೆದರೆ ಯಾವ ರಸ್ತೆ ಹಿಡಿದು ಹೊರಡಬೇಕು ಅನ್ನೋದೇ ತಪ್ಪಿಹೋಗುತ್ತೆ.

2025ರ ಮಾರ್ಚ್ 13ರಂದು ಸುಜಾ ಪಟ್ಟಣ ಮರಳಿ ತನ್ನದಾಯ್ತು ಅಂತ ರಷ್ಯಾ ಘೋಷಿಸಿತು. ಏಪ್ರಿಲ್ 26ರಂದು, ಇಡೀ ಕುರ್ಸ್ಕ್ ಬಿಡುಗಡೆಯಾಗಿದೆ ಅಂತ ಜನರಲ್ ಗೆರಾಸಿಮೊವ್ ಪುಟಿನ್‌ಗೆ ವರದಿ ಕೊಟ್ಟರು. ಉಕ್ರೇನ್ ಅವತ್ತೇ ಇಲ್ಲ ಅಂದಿತು.