ಹಳೆಯ ಬೆಂಜ್‌ಗೆ ಬ್ಲೂಟೂತ್

ರಾಬರ್ಟ್‌ಸನ್‌ಪೇಟೆಯಲ್ಲೋ ಬಂಗಾರಪೇಟೆಯಲ್ಲೋ ಗ್ಯಾರೇಜಿನ ಮುಂದೆ ಒಂದು ಹಳೆಯ ಬೆಂಜ್ ನಿಂತಿದೆ ಅಂದುಕೊಳ್ಳಿ. ಬೆಂಗಳೂರಿನಲ್ಲಿ ಎರಡು ಮೂರು ಕೈ ದಾಟಿ, ಈಗ ಕೆಎ-08 ಸೀಮೆಗೆ ಬಂದಿರುವ ಕಾರು. ಬಾಗಿಲು ಹಾಕಿದರೆ ಕಬ್ಬಿಣದ ಪೆಟ್ಟಿಗೆ ಮುಚ್ಚಿದ ಹಾಗೆ ಗಂಭೀರವಾದ ಸದ್ದು. ಡ್ಯಾಶ್‌ಬೋರ್ಡಿನಲ್ಲಿ ಕ್ಯಾಸೆಟ್ ಸೆಟ್. ಸ್ಪೀಕರುಗಳು ಇಂದಿಗೂ ಸೊಗಸಾಗಿ ಹಾಡುತ್ತವೆ, ಆದರೆ ಜೇಬಿನಲ್ಲಿರುವ ಫೋನಿಗೂ ಈ ಕಾರಿಗೂ ಪರಿಚಯವೇ ಇಲ್ಲ.

ಅದರಲ್ಲಿ ಕಾರಿನ ತಪ್ಪೇನೂ ಇಲ್ಲ. ಪುಣೆಯಲ್ಲಿ ಮರ್ಸಿಡಿಸ್ ಬೆಂಜ್ ತನ್ನ ಇ-ಕ್ಲಾಸ್ ಕಾರುಗಳ ಜೋಡಣೆ ಶುರುಮಾಡಿದ್ದು 1995ರಲ್ಲಿ. ಎರಿಕ್ಸನ್ ಕಂಪನಿಯ ಎಂಜಿನಿಯರುಗಳು ಕಡಿಮೆ ದೂರದ ರೇಡಿಯೊ ಸಂಪರ್ಕಕ್ಕೆ ಕೈ ಹಾಕಿ ಆಗಿನ್ನೂ ಒಂದು ವರ್ಷ. ಹತ್ತನೇ ಶತಮಾನದ ಡೆನ್ಮಾರ್ಕಿನ ದೊರೆ ಹೆರಾಲ್ಡ್‌ನ ಅಡ್ಡಹೆಸರು ಹೊತ್ತ ಬ್ಲೂಟೂತ್ ಒಕ್ಕೂಟ ಹುಟ್ಟಿಕೊಂಡದ್ದು 1998ರಲ್ಲಿ.

ಶಿವನಸಮುದ್ರದಿಂದ ಸುಮಾರು 147 ಕಿ.ಮೀ. ತಂತಿ ಎಳೆದು 1902ರಲ್ಲೇ ಕರೆಂಟು ತರಿಸಿಕೊಂಡ ಊರು ಕೆಜಿಎಫ್. ತಂತಿಯ ಮಹಿಮೆಯನ್ನು ಇಲ್ಲಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಕಾರಿಗೆ ಬ್ಲೂಟೂತ್ ಹಾಕಿಸಿದರೂ ತಂತಿಯ ಕೆಲಸ ಮುಗಿಯುವುದಿಲ್ಲ. ಫೋನಿನಿಂದ ಪುಟ್ಟ ರಿಸೀವರಿನವರೆಗಿನ ಒಂದು ಮಾರು ಮಾತ್ರ ಗಾಳಿಯ ದಾರಿ. ಅಲ್ಲಿ ಅಲೆಗಳು 2.4 ಗಿಗಾಹರ್ಟ್ಸ್ ಪಟ್ಟಿಯ 79 ಚಾನೆಲ್‌ಗಳಲ್ಲಿ ಸೆಕೆಂಡಿಗೆ 1600 ಸಲ ಜಾಗ ಬದಲಿಸುತ್ತ ಕುಪ್ಪಳಿಸುತ್ತವೆ. ಪಕ್ಕದ ವೈಫೈ ಗದ್ದಲವೆಬ್ಬಿಸಿದರೂ ಹಾಡು ಸಾಮಾನ್ಯವಾಗಿ ತುಂಡಾಗುವುದಿಲ್ಲ. ತಲೆನೋವು ಇರುವುದು ಅಲ್ಲಿಂದ ಮುಂದೆ: ರಿಸೀವರಿನಿಂದ ಹೊರಟ ಹಾಡು ಹಳೆಯ ಸೆಟ್ಟಿನೊಳಗೆ ಯಾವ ಬಾಗಿಲಿಂದ ಹೋಗಬೇಕು?

ಅಗ್ಗದ ಬಾಗಿಲು ಎಫ್‌ಎಂ. ಸಿಗರೇಟ್ ಲೈಟರ್ ಸಾಕೆಟ್ಟಿಗೆ ಸಿಕ್ಕಿಸುವ ಸಾಧನ ಫೋನಿನ ಹಾಡನ್ನು ಹಿಡಿದು, ತಾನೇ ಒಂದು ಪುಟಾಣಿ ರೇಡಿಯೊ ನಿಲಯವಾಗಿ ಪ್ರಸಾರ ಮಾಡುತ್ತದೆ. ಕೆಜಿಎಫ್‌ನಿಂದ ಬಂಗಾರಪೇಟೆಯವರೆಗೆ ಚೆನ್ನಾಗಿಯೇ ಕೇಳುತ್ತದೆ. ಕೋಲಾರ, ನರಸಾಪುರ ದಾಟಿ ಹೊಸಕೋಟೆ ಹತ್ತಿರವಾದಂತೆ ಮಾತ್ರ ಆಟ ಕೆಡುತ್ತದೆ. ಬೆಂಗಳೂರಿನ ಆಕಾಶವಾಣಿಯ 101.3 ಮತ್ತು 102.9, ಅವುಗಳ ಜೊತೆಗೆ ಸಾಲು ಸಾಲು ಖಾಸಗಿ ನಿಲಯಗಳು ಬಲಗೊಳ್ಳುತ್ತವೆ. ಒಂದೇ ಜಾಗದಲ್ಲಿ ಎರಡು ಪ್ರಸಾರ ಬಿದ್ದರೆ ಎಫ್‌ಎಂ ರೇಡಿಯೊ ಎರಡನ್ನೂ ಕಲಸಿ ಕೇಳಿಸುವುದಿಲ್ಲ, ಬಲಶಾಲಿಯನ್ನಷ್ಟೇ ಹಿಡಿದುಕೊಳ್ಳುತ್ತದೆ. ಭಾವಗೀತೆಯ ನಡುವೆ ಒಡವೆ ಅಂಗಡಿಯ ಜಾಹೀರಾತು ನುಗ್ಗುವುದು ಹೀಗೆ. ಊರೊಳಗಿನ ಓಡಾಟಕ್ಕೆ ಸರಿ. ದಿನಾ ಬೆಂಗಳೂರಿಗೆ ಹೋಗುವವರು ಇದಕ್ಕೆ ದುಡ್ಡು ಹಾಕಬಾರದು.

ಕ್ಯಾಸೆಟ್ ಸೆಟ್ ಇದ್ದರೆ ಇನ್ನೊಂದು ಉಪಾಯವಿದೆ, ನನಗೆ ಬಹಳ ಇಷ್ಟವಾದದ್ದು. ಕ್ಯಾಸೆಟ್ಟಿನ ಆಕಾರದ ಅಡಾಪ್ಟರಿನಲ್ಲಿ ಟೇಪ್ ಇರುವುದಿಲ್ಲ, ಟೇಪ್ ಇರಬೇಕಾದ ಜಾಗದಲ್ಲಿ ಒಂದು ಪುಟ್ಟ ಸುರುಳಿ ಇರುತ್ತದೆ. ಹಾಡಿನ ತಾಳಕ್ಕೆ ಅದರ ಕಾಂತಕ್ಷೇತ್ರ ಏರಿಳಿಯುತ್ತದೆ. ಎದುರಿಗಿರುವ ಹೆಡ್ಡು ಟೇಪೇ ಓಡುತ್ತಿದೆಯೆಂದು ನಂಬಿ ಹಾಡಿಬಿಡುತ್ತದೆ. ಹೆಡ್ಡಿನ ಮೇಲೆ ವರ್ಷಗಳ ಧೂಳು ಕೂತಿದ್ದರೆ ಮೊದಲು ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಬೇಕು, ಅಷ್ಟೆ.

ಸೆಟ್ಟಿನ ಹಿಂದೆ ಆಕ್ಸ್ ಅಥವಾ ಸಿಡಿ ಚೇಂಜರಿನ ಸಾಕೆಟ್ ಇದ್ದರೆ ಅದೇ ರಾಜಮಾರ್ಗ. ಡಿಕ್ಕಿಯಲ್ಲಿದ್ದ ಸಿಡಿ ಪೆಟ್ಟಿಗೆಯ ವೇಷ ಹಾಕಿಕೊಂಡು ಕೂರುವ ಬ್ಲೂಟೂತ್ ಕಿಟ್‌ಗಳಿವೆ. ಸ್ಟೀರಿಂಗಿನ ಗುಂಡಿ ಒತ್ತಿದರೆ ಮುಂದಿನ ಹಾಡಿಗೆ ಹೋಗುವ ಸೌಲಭ್ಯವೂ ಕೆಲವಕ್ಕೆ ಉಂಟು.

2001ರ ಬಿಎಂಡಬ್ಲ್ಯು 7 ಸರಣಿ, 2002ರ ಇ-ಕ್ಲಾಸ್ ಮುಂತಾದವುಗಳ ವಿಷಯ ಬೇರೆ. ಅವುಗಳಲ್ಲಿ ಸೆಟ್ಟು, ಆಂಪ್ಲಿಫೈಯರ್, ಸಿಡಿ ಪೆಟ್ಟಿಗೆ ಇವುಗಳ ನಡುವೆ ಓಡುವುದು ಬೆಳಕು. ಸುಮಾರು 1 ಮಿ.ಮೀ. ದಪ್ಪದ ಪ್ಲಾಸ್ಟಿಕ್ ಎಳೆಯ ತುದಿ ಬಿಚ್ಚಿ ನೋಡಿದರೆ ಕುಂಕುಮದ ಚುಕ್ಕೆಯಂತೆ ಕೆಂಪಗೆ ಮಿನುಗುತ್ತದೆ. ಇದಕ್ಕೆ ಮೋಸ್ಟ್ ಎಂದು ಹೆಸರು. ಎಲ್ಲ ಪೆಟ್ಟಿಗೆಗಳೂ ಒಂದೇ ಬಳೆಯಂತೆ ಸುತ್ತಲೂ ಕೂಡಿಕೊಂಡಿರುತ್ತವೆ. ಒಂದನ್ನು ಕಿತ್ತರೆ ಬಳೆ ಒಡೆದು ಇಡೀ ಕಾರು ಮೂಕವಾಗುತ್ತದೆ. ಎಳೆಯನ್ನು 25 ಮಿ.ಮೀ. ತ್ರಿಜ್ಯಕ್ಕಿಂತ ಬಿಗಿಯಾಗಿ ಬಗ್ಗಿಸಿದರೆ ಬೆಳಕು ಸೋರಿಹೋಗುತ್ತದೆ. ತಾಮ್ರದ ವೈರಿನ ಹಾಗೆ ಕತ್ತರಿಸಿ, ಹೊಸೆದು, ಟೇಪು ಸುತ್ತುವ ಕೈಗಳನ್ನು ಇದರಿಂದ ದೂರ ಇಡಿ. ಈ ಕಾರುಗಳಿಗೆ ಮೋಸ್ಟ್‌ಗೆಂದೇ ಮಾಡಿದ ಕಿಟ್ ಬೇಕು.

ಎಲ್ಲ ಸರಿಯಾಗಿ ಕೂತ ಮೇಲೂ ಆಕ್ಸಿಲರೇಟರ್ ಒತ್ತಿದಂತೆ ಸ್ಪೀಕರಿನಲ್ಲಿ ಕುಯ್ಯ್ ಎಂಬ ಸದ್ದು ಏರುತ್ತ ಹೋಗಬಹುದು. ರಿಸೀವರಿಗೆ ಚಾರ್ಜರಿನಿಂದ ಒಂದು ಅರ್ಥಿಂಗ್, ಸೆಟ್ಟಿನಿಂದ ಇನ್ನೊಂದು ಅರ್ಥಿಂಗ್ ಸಿಕ್ಕಿ, ಎರಡರ ನಡುವೆ ಆಲ್ಟರ್ನೇಟರಿನ ಗದ್ದಲ ಹರಿಯುತ್ತಿರುತ್ತದೆ. ಆಡಿಯೊ ವೈರಿನ ನಡುವೆ ಪುಟ್ಟ ಟ್ರಾನ್ಸ್‌ಫಾರ್ಮರುಗಳಿರುವ ಐಸೊಲೇಟರ್ ಸೇರಿಸಿದರೆ ಸದ್ದು ಅಡಗುತ್ತದೆ. ರಿಸೀವರಿಗೆ ಕರೆಂಟನ್ನು ಕೀ ತಿರುಗಿಸಿದಾಗ ಮಾತ್ರ ಬರುವ ಫ್ಯೂಸಿನಿಂದಲೇ ಕೊಡಿಸಿ. ಇಲ್ಲದಿದ್ದರೆ ಮದುವೆಗೆಂದು ಊರಿಗೆ ಹೋಗಿ ಬರುವಷ್ಟರಲ್ಲಿ ಬ್ಯಾಟರಿ ಇಳಿದಿರಬಹುದು.

ಕೊಳ್ಳುವಾಗ ಒಂದು ಪ್ರಶ್ನೆ ಕೇಳಲೇಬೇಕು: ಇದು ಹಾಡಿಗೆ ಮಾತ್ರವೋ, ಕರೆಗೂ ಆಗುತ್ತದೋ? ಬ್ಲೂಟೂತಿನಲ್ಲಿ ಇವೆರಡಕ್ಕೂ ಬೇರೆ ಬೇರೆ ಕಟ್ಟುಪಾಡು. ಹಾಡಿನದು ಫೋನಿನಿಂದ ಕಾರಿಗೆ ಬರುವ ಒಂದೇ ದಿಕ್ಕಿನ ಹರಿವು. ಕರೆಗೆ ಮಾತು ಹೋಗಲೂ ಬೇಕು, ಬರಲೂ ಬೇಕು, ಮೈಕೂ ಇರಬೇಕು. ಮೈಕನ್ನು ಬಿಸಿಲುತಡೆಯ ಹತ್ತಿರ, ಬಾಯಿಗೆ ನೇರವಾಗಿ, ಎಸಿ ಗಾಳಿ ಬೀಸದ ಕಡೆ ಕೂರಿಸಿ. ಹಾಗಂತ ಸ್ಟೀರಿಂಗ್ ಹಿಡಿದೇ ಊರ ಸುದ್ದಿಯೆಲ್ಲ ಮಾತಾಡಿ ಮುಗಿಸಿ ಎಂದಲ್ಲ. 2019ರ ಸೆಪ್ಟೆಂಬರಿನಿಂದ ಜಾರಿಯಲ್ಲಿರುವ ತಿದ್ದುಪಡಿಯಂತೆ ಮೋಟಾರು ವಾಹನ ಕಾಯ್ದೆಯ 184ನೇ ಕಲಮು, ಕೈಯಲ್ಲಿ ಫೋನ್ ಹಿಡಿದು ಗಾಡಿ ಓಡಿಸುವುದನ್ನು ಅಪಾಯಕಾರಿ ಚಾಲನೆ ಎನ್ನುತ್ತದೆ. ಮೊದಲ ಸಲದ ದಂಡವೇ 1,000ದಿಂದ 5,000 ರೂಪಾಯಿ, ಜೈಲೂ ಆಗಬಹುದು.

ಕೊನೆಯದಾಗಿ, ಗ್ಯಾರೇಜಿಗೆ ಹೊರಡುವ ಮುಂಚೆ ಕಾರಿನ ಕೈಪಿಡಿಯನ್ನು ಹುಡುಕಿ. ಅನೇಕ ಹಳೆಯ ಸೆಟ್ಟುಗಳು ಕಳ್ಳರಿಗೆ ಹೆದರಿ, ಬ್ಯಾಟರಿ ಬಿಚ್ಚಿ ಹಾಕಿದ ಕೂಡಲೇ ಕೋಡ್ ಕೇಳುತ್ತವೆ. ಆ ಕೋಡ್ ಕೈಪಿಡಿಯ ಜೊತೆಗಿನ ಚಿಕ್ಕ ಕಾರ್ಡಿನಲ್ಲಿ ಇರುತ್ತಿತ್ತು. ಕಾರ್ಡು ಸಿಗುವ ತನಕ ಯಾರಿಗೂ ಬ್ಯಾಟರಿ ಮುಟ್ಟಲು ಬಿಡಬೇಡಿ.