ಪಾಲಕರ ಸಹಿ

ಮಹಾನಗರದ ಕನ್ನಡಿಗ ತಂದೆತಾಯಿಗಳು ಮಕ್ಕಳ ವಿದ್ಯಾಭ್ಯಾಸದ ವಿಷಯದಲ್ಲಿ ಉದಾಸೀನರೆಂದು ಯಾರೂ ಹೇಳಲಾರರು. ಊರಿನ ಗದ್ದೆ ತೋಟಗಳನ್ನು ಬಿಟ್ಟು ಮುಂಬಯಿಗೆ ಬಂದ ನಮಗೆ ಮಕ್ಕಳ ವಿದ್ಯೆಯೇ ಆಸ್ತಿ. ನಮ್ಮ ಹಿರಿಯರಲ್ಲಿ ಎಷ್ಟೋ ಮಂದಿ ಹಗಲೆಲ್ಲ ಹೋಟೆಲಿನಲ್ಲಿ ದುಡಿದು, ಸಂಜೆ ಕನ್ನಡ ರಾತ್ರಿಶಾಲೆಗಳಲ್ಲಿ ಕುಳಿತು ಓದಿದವರು. ಅವರ ಓದನ್ನು ವಿಚಾರಿಸಲು ತಂದೆತಾಯಿಗಳು ಹತ್ತಿರವಿರಲಿಲ್ಲ. ಇಂದಿನ ಮಕ್ಕಳಿಗಾದರೋ ವಿಚಾರಿಸುವವರಿಗೆ ಕೊರತೆಯಿಲ್ಲ. ಆದರೆ ವಿಚಾರಣೆ ಬೇರೆ, ಆಸ್ಥೆ ಬೇರೆ. ಈ ಭೇದವನ್ನು ನಾನು ತಡವಾಗಿ ಕಲಿತೆನೆಂದು ಒಪ್ಪಿಕೊಳ್ಳಲೇಬೇಕು.

ಸಹಿಗಳನ್ನು ತಾಳೆ ನೋಡುವುದು ಬ್ಯಾಂಕಿನಲ್ಲಿ ನನ್ನ ನಿತ್ಯದ ಕೆಲಸಗಳಲ್ಲೊಂದು. ಎರಡು ವರ್ಷಗಳ ಹಿಂದೆ, ಒಂದು ಭಾನುವಾರ ರದ್ದಿಯ ಕಾಗದಗಳನ್ನು ವಿಂಗಡಿಸುತ್ತಿದ್ದಾಗ, ಆರನೆಯ ತರಗತಿಯಲ್ಲಿದ್ದ ಮಗನ ಗಣಿತದ ಉತ್ತರಪತ್ರಿಕೆ ಕೈಗೆ ಸಿಕ್ಕಿತು. ಇಪ್ಪತ್ತೈದಕ್ಕೆ ಒಂಬತ್ತು ಅಂಕ. ಪಾಲಕರ ಸಹಿ ಇರಬೇಕಾದ ಜಾಗದಲ್ಲಿ ನನ್ನ ಸಹಿ. ಆದರೆ ಅದನ್ನು ಹಾಕಿದವನು ನಾನಲ್ಲ!

ಕೋಪದಿಂದ ಅವನನ್ನು ಕರೆಯಲು ಹೊರಟವನನ್ನು ಮನೆಯಾಕೆ ತಡೆದಳು. "ಹಿಂದಿನ ಸಲ ಹದಿಮೂರು ಬಂದಾಗ ನೆಂಟರ ಎದುರಿಗೆ ನೀವು ಏನೆಂದಿರಿ, ನೆನಪಿದೆಯೇ?" ಎಂದು ಕೇಳಿದಳು. ನೆನಪಿತ್ತು. ಮಗನನ್ನು ಮೆಲ್ಲನೆ ಕೇಳಿದಾಗ ಅವನು ತಲೆಯೆತ್ತದೆ, "ಅಪ್ಪಾ, ಅಂಕ ಕಡಿಮೆ ಬಂದರೆ ನೀವು ಎರಡು ದಿನ ನನ್ನ ಹತ್ತಿರ ಮಾತೇ ಆಡುವುದಿಲ್ಲ" ಎಂದನು. ಪೆಟ್ಟಿಗೆ ಹೆದರಿದ್ದೆ ಎಂದಿದ್ದರೆ ನನಗೆ ಇಷ್ಟು ನೋವಾಗುತ್ತಿರಲಿಲ್ಲ.

ಆಮೇಲೆ ಇಬ್ಬರೂ ಕುಳಿತು ಆ ಉತ್ತರಪತ್ರಿಕೆಯನ್ನು ಪುಟ ತಿರುವಿ ನೋಡಿದೆವು. ತಪ್ಪುಗಳು ಹಲವಿದ್ದರೂ ಮೂಲ ಒಂದೇ. ಭಿನ್ನರಾಶಿಗಳ ಛೇದಗಳನ್ನು ಸಮ ಮಾಡದೆಯೇ ಕೂಡಿಸಿದ್ದನು. ಹಿಂದಿನ ಪರೀಕ್ಷೆಯ ಪತ್ರಿಕೆಯಲ್ಲೂ ಅದೇ ತಪ್ಪಿತ್ತು. ಅದರ ಕೆಳಗೆ ಇದ್ದದ್ದು ಮಾತ್ರ ನನ್ನ ನಿಜವಾದ ಸಹಿ. ಓದದೆ ಒಂದು ವೋಚರಿಗೂ ಸಹಿ ಹಾಕದ ನಾನು, ಮಗನ ಪತ್ರಿಕೆಗೆ ಅಂಕವನ್ನಷ್ಟೇ ನೋಡಿ ಸಹಿ ಹಾಕಿದ್ದೆ. ಮರುದಿನ ಅರ್ಧ ದಿನ ರಜೆ ಪಡೆದು, ಮಗನೊಡನೆ ಶಾಲೆಗೆ ಹೋಗಿ, ತರಗತಿಯ ಶಿಕ್ಷಕಿಗೆ ನಡೆದುದನ್ನೆಲ್ಲ ತಿಳಿಸಿದೆವು. ಅವನು ಕ್ಷಮೆ ಕೇಳಿದನು, ನಾನೂ ಕೇಳಿದೆ.

ಇದು ನನ್ನೊಬ್ಬನ ಮನೆಯ ಕಥೆಯಾಗಿರಲಾರದು. ತಂದೆತಾಯಿಗಳ ಪಾಲ್ಗೊಳ್ಳುವಿಕೆಯ ಬಗೆಗೆ ವಿದ್ವಾಂಸರು ಸಾಕಷ್ಟು ಶೋಧನೆ ನಡೆಸಿದ್ದಾರೆ. ನ್ಯಾನ್ಸಿ ಹಿಲ್ ಮತ್ತು ಡಯಾನಾ ಟೈಸನ್ ಎಂಬ ಅಮೆರಿಕದ ಸಂಶೋಧಕಿಯರು ಮಾಧ್ಯಮಿಕ ತರಗತಿಗಳ ಮಕ್ಕಳನ್ನು ಕುರಿತ 50 ಅಧ್ಯಯನಗಳನ್ನು ಒಟ್ಟುಗೂಡಿಸಿ 2009ರಲ್ಲಿ ಪ್ರಕಟಿಸಿದ ವಿಶ್ಲೇಷಣೆ ಗಮನಾರ್ಹವಾದುದು. ಮಕ್ಕಳ ಪ್ರಗತಿಯೊಡನೆ ಹೆಚ್ಚು ಸಂಬಂಧ ಕಂಡುಬಂದದ್ದು ಮನೆಪಾಠದಲ್ಲಿ ಕೈಹಾಕುವುದರೊಡನೆ ಅಲ್ಲ. ಓದಿನ ಉದ್ದೇಶವೇನು, ಅದರ ಬೆಲೆಯೇನು, ಮುಂದೆ ಏನಾಗಬಯಸುವೆ ಎಂದು ಮಕ್ಕಳೊಡನೆ ಮಾತನಾಡುವುದರೊಡನೆ. "ನನಗೆ ಇಂಗ್ಲಿಷ್ ಬಾರದು, ನಾನೇನು ಹೇಳಿಕೊಡಲಿ?" ಎಂದು ಹಿಂಜರಿಯುವ ನಮ್ಮ ತಾಯಂದಿರು ಇದನ್ನು ಅವಶ್ಯವಾಗಿ ತಿಳಿಯಬೇಕು. ಈ ಮಾತುಕತೆಗೆ ಕನ್ನಡವೇ ಸಾಕು. ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿದ್ದನ್ನು ಮಗುವು ಅಮ್ಮನಿಗೆ ಕನ್ನಡದಲ್ಲಿ ವಿವರಿಸಬಲ್ಲದಾದರೆ, ಪಾಠ ಅರ್ಥವಾಗಿದೆಯೆಂದೇ ತಿಳಿಯಬಹುದು.

ಹೊಗಳಿಕೆಯಲ್ಲೂ ಎಚ್ಚರ ಬೇಕು. ಕ್ಲಾಡಿಯಾ ಮ್ಯೂಲರ್ ಮತ್ತು ಕ್ಯಾರಲ್ ಡ್ವೆಕ್ 1998ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, "ನೀನು ಜಾಣ" ಎಂದು ಹೊಗಳಿಸಿಕೊಂಡ ಮಕ್ಕಳು ಕಠಿಣ ಸಮಸ್ಯೆಗಳಲ್ಲಿ ಸೋತೊಡನೆ ಉತ್ಸಾಹಗುಂದಿದರು. ಶ್ರಮಕ್ಕಾಗಿ ಹೊಗಳಿಸಿಕೊಂಡವರು ಪ್ರಯತ್ನವನ್ನು ಬಿಡಲಿಲ್ಲ.

ಆರೋಗ್ಯದ ದೃಷ್ಟಿಯಿಂದಲೂ ಇಲ್ಲಿ ಒಂದು ಮಾತು. ಪರೀಕ್ಷೆಯ ಬೆಳಿಗ್ಗೆ ಹೊಟ್ಟೆನೋವು, ತಲೆನೋವು ಎನ್ನುವ ಮಗು ನಟಿಸುತ್ತಿದೆಯೆಂದು ಗದರುವುದು ಸಲ್ಲದು; ಭಯವು ದೇಹದಲ್ಲಿ ನಿಜವಾದ ನೋವನ್ನೇ ಉಂಟುಮಾಡಬಲ್ಲದು. ಲೋಕಲ್ ರೈಲಿನಲ್ಲಿ ನುಗ್ಗಿ ರಾತ್ರಿ ಒಂಬತ್ತಕ್ಕೆ ಮನೆ ಸೇರುವ ತಂದೆ, ಆಮೇಲೆ ಪಾಠ ಒಪ್ಪಿಸಿಕೊಳ್ಳಲು ಕುಳಿತರೆ ಮಗುವಿನ ನಿದ್ರೆಗೆ ಕತ್ತರಿ ಬೀಳುತ್ತದೆ. 6ರಿಂದ 12 ವರ್ಷದವರಿಗೆ 9ರಿಂದ 12 ಗಂಟೆ, 13ರಿಂದ 18ರವರಿಗೆ 8ರಿಂದ 10 ಗಂಟೆ ನಿದ್ರೆ ಬೇಕೆಂಬುದು ಅಮೆರಿಕದ ನಿದ್ರಾತಜ್ಞರ ಸಂಸ್ಥೆ 2016ರಲ್ಲಿ ನೀಡಿದ ಸಲಹೆ. ಕಲಿತದ್ದು ನೆನಪಿನಲ್ಲಿ ನೆಲೆಗೊಳ್ಳುವುದಕ್ಕೂ ನಿದ್ರೆ ಅಗತ್ಯ.

ಮೈಸೂರಿನ ಆರ್. ಕೆ. ನಾರಾಯಣ್ ಅವರು 1989ರಲ್ಲಿ ರಾಜ್ಯಸಭೆಯಲ್ಲಿ ಮಕ್ಕಳ ಪುಸ್ತಕದ ಚೀಲದ ಭಾರವನ್ನು ಕುರಿತು ಮಾತನಾಡಿದ್ದರು. ನಮ್ಮ ನಿರೀಕ್ಷೆಗಳ ಭಾರವನ್ನು ತೂಗುವ ತಕ್ಕಡಿ ಮಾತ್ರ ಇನ್ನೂ ಬಂದಿಲ್ಲ. 2009ರ ಶಿಕ್ಷಣ ಹಕ್ಕು ಕಾಯಿದೆ ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಪಾಲಕರೊಡನೆ ನಿಯತವಾಗಿ ಸಭೆ ನಡೆಸುವುದು ಶಿಕ್ಷಕರ ಕರ್ತವ್ಯವೆಂದೂ ವಿಧಿಸಿದೆ. ಆ ಸಭೆಗೆ ಹೋಗುವುದು ನಮ್ಮ ಕರ್ತವ್ಯ. ಕಿರುಕುಳದ ನಿಷೇಧವನ್ನು ಮನೆಯೊಳಗೆ ಜಾರಿಗೊಳಿಸಬೇಕಾದವರೂ ನಾವೇ.

ಮಗ ಈಗ ಎಂಟನೆಯ ತರಗತಿಯಲ್ಲಿದ್ದಾನೆ. ಕಳೆದ ಪರೀಕ್ಷೆಯಲ್ಲಿ ಇಪ್ಪತ್ತೈದಕ್ಕೆ ಹದಿನಾಲ್ಕು; ಹೆಮ್ಮೆಪಡುವಂಥದೇನಲ್ಲ. ಆದರೆ ಪತ್ರಿಕೆಯನ್ನು ತಾನಾಗಿಯೇ ತಂದು ಮುಂದಿಟ್ಟನು. ಪುಟಗಳನ್ನೆಲ್ಲ ತಿರುವಿ ನೋಡಿದ ಮೇಲೆ ಸಹಿ ಹಾಕಿದೆ.