ಹೊಳೆದಂಡೆಯ ಹವಾಮಾನ ಪಾಠ

2019ರ ಬೇಸಿಗೆಯಲ್ಲಿ ಬೆಳಗಾವಿ ಜಿಲ್ಲೆಯ ಅಥಣಿ, ರಾಯಬಾಗ, ಚಿಕ್ಕೋಡಿ ಸೀಮೆಯ ಜನ ಮಹಾರಾಷ್ಟ್ರದ ಕೊಯ್ನಾ ಅಣೆಕಟ್ಟೆಯಿಂದ ಕೃಷ್ಣೆಗೆ ನೀರು ಬಿಡಿಸಿರೆಂದು ಸರ್ಕಾರಕ್ಕೆ ದುಂಬಾಲು ಬಿದ್ದಿದ್ದರು. ಆಗಸ್ಟ್ ಬರುವಷ್ಟರಲ್ಲಿ ಅದೇ ಕೃಷ್ಣೆ ಊರೊಳಗೆ ನುಗ್ಗಿ, ಎತ್ತರದಲ್ಲಿದ್ದ ಶಾಲೆಗಳು ಪರಿಹಾರ ಕೇಂದ್ರಗಳಾದವು. ಬರ ಮತ್ತು ಮಹಾಪೂರ ಎರಡನ್ನೂ ಮೂರೇ ತಿಂಗಳ ಅಂತರದಲ್ಲಿ ಕಂಡ ಮಗುವಿಗೆ ಹವಾಮಾನ ಬದಲಾವಣೆ ಕಲಿಸಲು ಹಿಮಕರಡಿಯ ಚಿತ್ರ ಯಾಕೆ ಬೇಕು?

ಪರಿಸರವನ್ನು ಶಾಲೆಗಳಲ್ಲಿ ಕಡ್ಡಾಯವಾಗಿ ಕಲಿಸಿ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 1991ರಲ್ಲಿ. ಆಮೇಲೆ ಇಕೋ ಕ್ಲಬ್‌ಗಳು ಬಂದವು. ಬಹಳ ಕಡೆ ಅವು ಜೂನ್ 5ರ ಸಸಿ ನೆಡುವಿಕೆ ಮತ್ತು ಒಂದು ಫೋಟೊಗೆ ಮುಗಿಯುತ್ತವೆ. ಪಾಠವನ್ನು ನಿಜಕ್ಕೂ ಹೊಲಕ್ಕೆ, ಹೊಳೆಗೆ ಒಯ್ದದ್ದು 1993ರಲ್ಲಿ ಶುರುವಾದ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶ. ಕರ್ನಾಟಕದಲ್ಲಿ ಅದನ್ನು ನಡೆಸಿಕೊಂಡು ಬಂದದ್ದು 1980ರಲ್ಲಿ ಹುಟ್ಟಿದ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು. ಹತ್ತರಿಂದ ಹದಿನೇಳು ವರ್ಷದ ಮಕ್ಕಳು ಒಬ್ಬ ಮಾರ್ಗದರ್ಶಿ ಶಿಕ್ಷಕರೊಂದಿಗೆ ತಮ್ಮೂರಿನದೇ ಒಂದು ಸಮಸ್ಯೆ ಹಿಡಿದು ಅಳೆಯಬೇಕು, ಕೇಳಬೇಕು, ಬರೆಯಬೇಕು, ಜಿಲ್ಲಾ ಮಟ್ಟದಲ್ಲಿ ನಿಂತು ವಿವರಿಸಬೇಕು. 2014 ಮತ್ತು 2015ರಲ್ಲಿ ಸಮಾವೇಶದ ಮುಖ್ಯ ವಿಷಯವೇ ಹವೆ ಮತ್ತು ವಾಯುಗುಣವಾಗಿತ್ತು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಐದೂ ಸೇರಿರುವ ಚಿಕ್ಕೋಡಿ ಪ್ರತ್ಯೇಕ ಶೈಕ್ಷಣಿಕ ಜಿಲ್ಲೆ. ಮಕ್ಕಳೇ ಅಳೆದು, ಕೇಳಿ ಕಲಿಯುವ ಹವಾಮಾನ ಕಾರ್ಯಾಗಾರಕ್ಕೆ ಇದಕ್ಕಿಂತ ಒಳ್ಳೆಯ ಸೀಮೆ ಹುಡುಕುವುದು ಕಷ್ಟ.

ಮಳೆ ಅಳೆಯಲು ಸಾಮಾನು ಹೆಚ್ಚು ಬೇಡ. ಒಂದೇ ದಪ್ಪದ ಪ್ಲಾಸ್ಟಿಕ್ ಬಾಟಲಿಯ ಕುತ್ತಿಗೆ ಕತ್ತರಿಸಿ ಬೋರಲು ಕೂಡಿಸಿದರೆ ಆಲಿಕೆಯಾಯಿತು. ತಳಕ್ಕೆ ನಾಲ್ಕು ಹರಳು ಹಾಕಿ, ನೀರು ತುಂಬಿ ಸಮ ಮಾಡಿ, ಅಲ್ಲಿಂದ ಮೇಲಕ್ಕೆ ಮಿಲಿಮೀಟರ್ ಪಟ್ಟಿ ಅಂಟಿಸಿದರೆ ಮಳೆಮಾಪಕ ಸಿದ್ಧ. ದಿನಾ ಬೆಳಿಗ್ಗೆ 8.30ಕ್ಕೆ ಓದಬೇಕು, ಏಕೆಂದರೆ ಹವಾಮಾನ ಇಲಾಖೆ ಓದುವುದೂ ಆಗಲೇ. 2.5 ಮಿ.ಮೀ. ಬಿದ್ದರೆ ಅದು ‘ಮಳೆಯ ದಿನ’, 64.5 ದಾಟಿದರೆ ಭಾರಿ ಮಳೆ. ತಿಂಗಳ ಒಟ್ಟು ಮಳೆಗಿಂತ ಅದು ಎಷ್ಟು ದಿನಗಳಲ್ಲಿ ಬಿತ್ತು ಎಂಬ ಲೆಕ್ಕದಲ್ಲಿ ಮಕ್ಕಳಿಗೆ ಹೆಚ್ಚು ಕತೆ ಸಿಗುತ್ತದೆ. ಇದಕ್ಕೂ ಭೂಮಿಯ ಬಿಸಿಗೂ ನಂಟಿದೆ: ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇಕಡಾ 7ರಷ್ಟು ಹೆಚ್ಚು ನೀರಾವಿ ಹಿಡಿಯಬಲ್ಲದು. ನಮ್ಮ ದೇಶದ ಸರಾಸರಿ ಉಷ್ಣಾಂಶ 1901ರಿಂದ 2018ರೊಳಗೆ ಸುಮಾರು 0.7 ಡಿಗ್ರಿ ಏರಿದೆ. ಹಿಡಿದದ್ದನ್ನು ಮೋಡ ಒಮ್ಮೆಲೇ ಸುರಿದರೆ ಏನಾಗುತ್ತದೆಂದು ಈ ಕಡೆ ಹೇಳಿಕೊಡಬೇಕಾಗಿಲ್ಲ.

ಹಾಗೆಂದು ಮಹಾಪೂರವನ್ನೆಲ್ಲ ಭೂಮಿಯ ಬಿಸಿಯ ತಲೆಗೆ ಕಟ್ಟುವ ಕಾರ್ಯಾಗಾರವನ್ನು ನಾನು ನಂಬುವುದಿಲ್ಲ. ಅಣೆಕಟ್ಟೆಯ ಗೇಟು ಯಾವಾಗ ತೆರೆದರು, ಹೊಳೆಯ ಪಾತ್ರದಲ್ಲಿ ಯಾರು ಏನು ಕಟ್ಟಿದ್ದಾರೆ ಎಂಬುದೂ ಪಾಠದೊಳಗೆ ಬರಬೇಕು. ಒಂದು ವರ್ಷದ ಬಾಟಲಿ ಲೆಕ್ಕವೂ ಸಾಕ್ಷಿಯಾಗದು. ವಾಯುಗುಣದ ಮಾತಿಗೆ ಮೂವತ್ತು ವರ್ಷದ ಸರಾಸರಿ ಬೇಕು. ಅದಕ್ಕೇ ಮಕ್ಕಳನ್ನು ಅಜ್ಜ, ಅಜ್ಜಿಯರ ಬಳಿ ಕಳಿಸುವುದು. ಮಿರಗ (ಮೃಗಶಿರಾ ಮಳೆ) ಯಾವ ವರ್ಷ ಕೈಕೊಟ್ಟಿತು, ಹೊಳಿ ಯಾವ ಮೆಟ್ಟಿಲ ತನಕ ಬಂದಿತ್ತು, ಬಾವಿಗೆ ಎಷ್ಟು ಹಗ್ಗ ಬೇಕಿತ್ತು? ನೆನಪು ತಪ್ಪಬಹುದು, ಅದನ್ನು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಅಂಕಿಗಳೊಡನೆ ತಾಳೆ ನೋಡುವುದೇ ವಿಜ್ಞಾನ. ನಿಪ್ಪಾಣಿ, ಕಾಗವಾಡದಲ್ಲಿ ಈ ಕೆಲಸ ಕನ್ನಡ, ಮರಾಠಿ ಎರಡರಲ್ಲೂ ನಡೆಯಬೇಕು. ಆಚೆ ಬದಿಯ ಮಾತೂ ಕೇಳಬೇಕು, ಏಕೆಂದರೆ ಕೃಷ್ಣೆ, ದೂಧಗಂಗಾ, ವೇದಗಂಗೆಯರನ್ನು ತುಂಬಿಸುವ ಮಳೆ ಬೀಳುವುದೇ ಗಡಿಯಾಚೆ ಮಹಾರಾಷ್ಟ್ರದ ಘಟ್ಟದಲ್ಲಿ.

ಮಕ್ಕಳು ತಮ್ಮ ಲೆಕ್ಕವನ್ನು ಊರವರ ಮುಂದಿಡುವ ಸಭೆಯಲ್ಲಿ ಕಷ್ಟದ ಭಾಗ ಕಬ್ಬು. ಒಂದು ಎಕರೆ ಮೇಲೆ 1 ಮಿ.ಮೀ. ಮಳೆ ಎಂದರೆ ಸುಮಾರು 4,000 ಲೀಟರ್. ಕಬ್ಬಿಗೆ ಕಡಿಮೆಯೆಂದರೂ 1,500 ಮಿ.ಮೀ. ಬೇಕು, ಅಂದರೆ ಎಕರೆಗೆ 60 ಲಕ್ಷ ಲೀಟರ್. ವರ್ಷಕ್ಕೆ 600 ಮಿ.ಮೀ. ಬೀಳುವ ಕಡೆ ಮೋಡ ಕೊಡುವುದು 24 ಲಕ್ಷ. ಉಳಿದದ್ದು ಎಲ್ಲಿಂದ? ಈ ಗುಣಾಕಾರವನ್ನು ಏಳನೆಯ ತರಗತಿಯ ಹುಡುಗಿ ಕಪ್ಪುಹಲಗೆಯ ಮೇಲೆ ಮಾಡಿ ತೋರಿಸಿದರೆ, ಎದುರಿಗೆ ಕೂತ ಅವಳಪ್ಪನಿಗೆ ಭಾಷಣ ಬೇಕಾಗುವುದಿಲ್ಲ. ಕಾರ್ಖಾನಿಯಿಂದ ರೊಕ್ಕ ಬರುವ ಬೆಳೆಯನ್ನು ಅವನು ನಾಳೆಯೇ ಬಿಡಲಾರ, ಬಿಡೆಂದು ಹೇಳುವ ಹಕ್ಕು ಪೇಟೆಯಿಂದ ಬಂದ ಸಂಪನ್ಮೂಲ ವ್ಯಕ್ತಿಗೂ ಇಲ್ಲ. ಆದರೆ ಕಬ್ಬಿನ ಒಣಗರಿಗೆ, ಅಂದರೆ ರವದಿಗೆ ಬೆಂಕಿ ಇಡದೆ ಸಾಲುಗಳ ನಡುವೆ ಹಾಸಿದರೆ ನೆಲದ ತೇವ ಉಳಿಯುತ್ತದೆ, ಹೊಗೆಯಾಗುವ ಇಂಗಾಲದ ಒಂದು ಪಾಲು ಮಣ್ಣಿಗೆ ಸೇರುತ್ತದೆ. ಹನಿ ನೀರಾವರಿಯ ಮಾತು ಆಮೇಲೆ.

ಶುರು ಮಾಡಲು ಬಯಸುವ ಶಾಲೆ ಮೇ ಕೊನೆಯೊಳಗೆ ಬಾಟಲಿ ಕತ್ತರಿಸಿಟ್ಟುಕೊಳ್ಳಬೇಕು. ಮರ, ಗೋಡೆಗಳಿಂದ ದೂರ ಬಯಲಲ್ಲಿ ಇಡಿ. ರಜೆಯ ದಿನದ ಓದಿಗೆ ಶಾಲೆಯ ಪಕ್ಕದ ಮನೆಯ ಹುಡುಗನನ್ನೇ ಒಪ್ಪಿಸಿ.